ಕಚೇರಿ ವೇಳೆಯಲ್ಲಿ ಕಂಪ್ಯೂಟರುಗಳ ನಿದ್ದೆಯ ಕುರಿತು

ಕರ್ತವ್ಯದ ವೇಳೆಯಲ್ಲಿ ನಿದ್ರಿಸುವುದು ನಮ್ಮ ಜಲಮಂಡಳಿಯ ನಿಯಮಾವಳಿಯ ಪ್ರಕಾರ ಅಪರಾಧ. ನಿಯಮಾವಳಿಯಲ್ಲಿ ನಿದ್ದೆಯನ್ನು ತೂಕಡಿಕೆ, ಜೊಂಪು, ಕೋಳಿನಿದ್ದೆ ಮತ್ತು ಗಾಢನಿದ್ದೆ ಎಂದು ವಿಂಗಡಿಸಲಾಗಿದೆ. ತೂಕಡಿಕೆಗೆ ಕಿವಿಮಾತು, ಜೊಂಪಿಗೆ ಛೀಮಾರಿ, ಕೋಳಿನಿದ್ದೆಗೆ ಬಡ್ತಿಗೆ ತಡೆ, ಗಾಢನಿದ್ದೆಗೆ ಮನೆಗೆ ಕಳಿಸುವುದು. ಮಂಡಳಿ ಹುಟ್ಟಿದಾಗಿನಿಂದ ಈ ನಿಯಮದಡಿ ಯಾರಿಗೂ ಶಿಕ್ಷೆಯಾಗಿರಲಿಲ್ಲ. ಮಲಗಿದವರನ್ನು ಹಿಡಿಯಬೇಕಾದರೆ ಕಚೇರಿಯಲ್ಲಿ ಒಬ್ಬರಾದರೂ ಎದ್ದಿರಬೇಕು. ಆ ಅನುಕೂಲ ನಮಗೆ ಒದಗಿ ಬಂದಿರಲಿಲ್ಲ.

ಮಂಡಳಿಯ ಸುತ್ತೋಲೆಗಳನ್ನೆಲ್ಲ ಬರೆಯುವವನು ನಾನು. 'ತಕ್ಕದ್ದು' ಎಂಬ ಪದವನ್ನು ಎಲ್ಲಿ ಹಾಕಬೇಕು, 'ತಕ್ಕದ್ದಲ್ಲ' ಎಂಬುದನ್ನು ಎಲ್ಲಿ ಹಾಕಬೇಕು ಅನ್ನುವುದು ಈ ಕಟ್ಟಡದಲ್ಲಿ ನನ್ನೊಬ್ಬನಿಗೇ ಗೊತ್ತು. ನನ್ನ ಸುತ್ತೋಲೆಗಳನ್ನು ಯಾರೂ ಓದುವುದಿಲ್ಲ ಅಂತ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಓದದೇ ಇರುವವರಿಗಾಗಿ ಬರೆಯುವುದು ಎಷ್ಟು ಕಷ್ಟ ಅಂತ ಅವರಿಗೇನು ಗೊತ್ತು.

ಸಂಗತಿ ಶುರುವಾದದ್ದು ಮೇಲಿನಿಂದ ಪರಿಶೀಲನಾ ಸಮಿತಿ ಬಂದ ದಿನ. ಕಚೇರಿಗೆ ಹೊಸದಾಗಿ ಕಂಪ್ಯೂಟರುಗಳು ಬಂದಿದ್ದವು. ಅವನ್ನು ತೋರಿಸಲು ನಮ್ಮ ನಿರ್ದೇಶಕ ಸಾಹೇಬರು ಸಮಿತಿಯ ಅಧ್ಯಕ್ಷರನ್ನು ಹಜಾರಕ್ಕೆ ಕರೆತಂದರು. ಎರಡು ಸಾಲು ಮೇಜು, ಪ್ರತಿ ಮೇಜಿನ ಮೇಲೂ ಒಂದು ಪರದೆ. ಅಷ್ಟೂ ಪರದೆಗಳು ಕಪ್ಪಗಿದ್ದವು. ಕೌಂಟರಿನ ಆಚೆ ನೀರಿನ ದೂರು ಹೊತ್ತು ಬಂದ ಜನ ಒಬ್ಬರ ಹೆಗಲಿಗೊಬ್ಬರು ಒರಗಿಕೊಂಡು ನಿಂತಿದ್ದರು. ಇದೇನು ಹೀಗೆ ಅಂತ ಅಧ್ಯಕ್ಷರು ಕೇಳಿದರು. ಎದುರಿಗೆ ಸಿಕ್ಕವನು ನಮ್ಮ ಮುಖ್ಯ ಗುಮಾಸ್ತ. ಅವನ ಅಸಲಿ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತದೆ, ಉಳಿದ ದಿನ ಅವನು ಗೊರಕಣ್ಣ. ಆಗಷ್ಟೇ ಕಣ್ಣುಜ್ಜಿಕೊಂಡು ತಲೆ ಎತ್ತಿದ್ದವನು ಗಾಬರಿಯಲ್ಲಿ ನಿಜ ಹೇಳಿಬಿಟ್ಟ.

"ಮಲಗಿದೆ ಸಾರ್."

"ಯಾರು?"

"ಕಂಪ್ಯೂಟರ್ ಸಾರ್. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ರೆ ಅದರ ಪಾಡಿಗೆ ಅದು ಮಲಗುತ್ತೆ."

ಅಧ್ಯಕ್ಷರು ತಲೆದೂಗಿ ಹೋದರು. ಅವರ ವರದಿಯಲ್ಲಿ ನಮ್ಮ ಬಗ್ಗೆ ಇದ್ದದ್ದು ಇಷ್ಟೇ: 'ಸದರಿ ಕಚೇರಿಯ ಎಲ್ಲ ಯಂತ್ರಗಳೂ ಕರ್ತವ್ಯದ ವೇಳೆಯಲ್ಲಿ ನಿದ್ರಿಸುತ್ತಿದ್ದುದು ಕಂಡುಬಂದಿರುತ್ತದೆ. ನೌಕರರನ್ನು ನೋಡಿ ಕಲಿತಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.'

ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ನನ್ನನ್ನು ಕರೆಸಿ, ಮಲಗುವ ಯಂತ್ರಗಳ ಮೇಲೆ ಕಠಿಣ ಕ್ರಮ ಜರುಗಿಸುವ ಸುತ್ತೋಲೆ ಬರೆಯಲು ಹೇಳಿದರು. ಒಂದು ತೊಡಕಿತ್ತು. ವಿದ್ಯುತ್ ಉಳಿಸುವ ಸಲುವಾಗಿ ಎಲ್ಲ ಕಂಪ್ಯೂಟರುಗಳೂ ಬಿಡುವಿನಲ್ಲಿ ಕಡ್ಡಾಯವಾಗಿ ಮಲಗಬೇಕು ಎಂಬ ಸುತ್ತೋಲೆ ಹಿಂದಿನ ತಿಂಗಳಷ್ಟೇ ಹೊರಬಿದ್ದಿತ್ತು, ಅದನ್ನು ಬರೆದವನೂ ನಾನೇ. ಬೇರೆಯವರಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ನಾನು ಒಂದೇ ವಾಕ್ಯದಲ್ಲಿ ಎರಡನ್ನೂ ಕೂಡಿಸಿದೆ: 'ಯಂತ್ರಗಳು ನಿಯಮಾನುಸಾರ ಮಲಗತಕ್ಕದ್ದು, ಆದರೆ ಮಲಗಿದ್ದು ಕಂಡುಬರತಕ್ಕದ್ದಲ್ಲ.' ಸಾಹೇಬರು ಅದನ್ನು ಎರಡು ಸಲ ಓದಿಸಿಕೊಂಡು ಕಣ್ಣು ಒದ್ದೆ ಮಾಡಿಕೊಂಡರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಯಂತ್ರವು ನೌಕರರ ಸುಪರ್ದಿನಲ್ಲಿರುವುದರಿಂದ ಯಂತ್ರದ ನಿದ್ದೆಯನ್ನು ನೌಕರರ ನಿದ್ದೆಯೆಂದೇ ಭಾವಿಸತಕ್ಕದ್ದು ಅಂತ. ನನ್ನ ಮೇಜಿನ ಮೇಲೆ ಯಂತ್ರವಿಲ್ಲ, ನಾನು ಕೈಯಲ್ಲೇ ಬರೆಯುವವನು. ಈ ವಿಷಯಕ್ಕೂ ಆ ಸಾಲಿಗೂ ಸಂಬಂಧವಿಲ್ಲ.

ಇನ್ನು ಯಾವ ಯಂತ್ರ ಯಾವಾಗ ಮಲಗಿ ಯಾವಾಗ ಎದ್ದಿತು ಅಂತ ಕಂಡುಹಿಡಿಯುವುದು ಹೇಗೆ? ಇದಕ್ಕೆ ಒಂದು ತಂತ್ರಾಂಶ ಬೇಕು, ಅದನ್ನು ಬರೆಯಲು ಅರ್ಹ ವ್ಯಕ್ತಿಯನ್ನು ನಿಷ್ಪಕ್ಷಪಾತವಾಗಿ ಹುಡುಕಬೇಕು ಎಂದು ತೀರ್ಮಾನವಾಯಿತು. ಹುಡುಕಾಟ ಸಾಹೇಬರ ಮನೆಯ ಊಟದ ಮೇಜಿನಿಂದ ಶುರುವಾಗಿ ಅಲ್ಲೇ ಮುಗಿಯಿತು. ಅವರ ಹೆಂಡತಿಯ ತಮ್ಮ ಪ್ರೋಗ್ರಾಮ್ ಬರೆಯಲು ಕಲಿತು ಮನೆಯಲ್ಲಿ ಖಾಲಿ ಕೂತಿದ್ದ. ಹುಡುಗ ಕೆಟ್ಟವನಲ್ಲ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳುವ ಒಂದು ದುರಭ್ಯಾಸ ಬಿಟ್ಟರೆ.

ಸಭೆ ಸೇರಿತು. ಎಲ್ಲ ವಿಭಾಗದವರೂ ಬಂದಿದ್ದರು. ಯಂತ್ರ ಮಲಗಿದ ತಕ್ಷಣ ಅದು ತನಗೆ ಸುದ್ದಿ ಮುಟ್ಟಿಸಬೇಕು ಎಂದು ಸಾಹೇಬರು ಆಜ್ಞೆ ಮಾಡಿದರು. ಭಾಮೈದ ತಲೆ ಕೆರೆದುಕೊಂಡ.

"ಅದಾಗಲ್ಲ ಭಾವ. ಮಲಗಿರೋದು ಮಾತಾಡಲ್ಲ. ಎದ್ದ ಮೇಲೇ ಗೊತ್ತಾಗೋದು, ಇಷ್ಟು ಹೊತ್ತು ಮಲಗಿದ್ದೆ ಅಂತ."

"ಅದು ಹೇಗೆ ಗೊತ್ತಾಗುತ್ತೆ?"

ಅವನು ಬಿಡಿಸಿ ಹೇಳಿದ. ಅವನ ಪ್ರೋಗ್ರಾಮು ಒಂದೇ ಕೆಲಸ ಮಾಡುತ್ತದೆ, ಕ್ಷಣಕ್ಕೊಮ್ಮೆ ಗಡಿಯಾರ ನೋಡುತ್ತದೆ. ಈಗ ನೋಡಿದಾಗ ಹತ್ತು ಗಂಟೆ ಅಂದುಕೊಳ್ಳಿ, ಮತ್ತೆ ನೋಡಿದಾಗ ಹನ್ನೊಂದು. ನಡುವಿನ ಒಂದು ಗಂಟೆ ಎಲ್ಲಿ ಹೋಯಿತು? ಯಂತ್ರ ಮಲಗಿತ್ತು, ಈಗ ಎದ್ದಿದೆ. ಅಷ್ಟೇ ಲೆಕ್ಕ. ಇದು ಎಲ್ಲರಿಗೂ ಅರ್ಥವಾಯಿತು. ನಮ್ಮ ಕಚೇರಿಯಲ್ಲಿ ಎಲ್ಲರೂ ಹೊತ್ತು ಕಂಡುಹಿಡಿಯುವುದು ಅದೇ ರೀತಿಯಲ್ಲಿ.

"ಒಂದೇ ಒಂದು ತೊಂದರೆ ಇದೆ ಭಾವ," ಅಂತ ಭಾಮೈದ ಮುಂದುವರಿಸಿದ. "ಕಂಪ್ಯೂಟರ್‌ಗೆ ವಿಪರೀತ ಕೆಲಸ ಕೊಟ್ರೆ ಅದು ಕೆಲಸದಲ್ಲಿ ಮುಳುಗಿ ಗಡಿಯಾರ ನೋಡೋದನ್ನೇ ಬಿಟ್ಟುಬಿಡುತ್ತೆ. ಆಗಲೂ ನನ್ನ ಪ್ರೋಗ್ರಾಮಿಗೆ ಮಲಗಿದ್ದ ಹಾಗೇ ಕಾಣುತ್ತೆ."

ಸಾಹೇಬರು ಸಭೆಯನ್ನು ಒಮ್ಮೆ ಸುತ್ತಲೂ ನೋಡಿದರು. ಇಲ್ಲಿ ಅಷ್ಟು ಕೆಲಸ ಮಾಡುವವರು ಯಾರಾದರೂ ಇದ್ದೀರಾ ಅಂತ ಕೇಳಿದರು. ಯಾರೂ ಕೈ ಎತ್ತಲಿಲ್ಲ. ಇಂಥ ಸಂದರ್ಭಕ್ಕೆ ಕಚೇರಿಯಲ್ಲಿ ಪೂರ್ವನಿದರ್ಶನ ಇಲ್ಲದಿರುವುದರಿಂದ ಅದನ್ನು ಪರಿಗಣಿಸುವ ಅಗತ್ಯವಿಲ್ಲ ಎಂದು ನಾನು ಬರೆದುಕೊಂಡೆ.

ಸಭೆಗೆ ಒಬ್ಬಳು ಬಂದಿರಲಿಲ್ಲ. ಅವಳು ಕೆಲಸ ಮಾಡುತ್ತಿದ್ದಳು.

ಅವಳನ್ನು ನಾವು ಪೈಪಕ್ಕ ಅನ್ನುತ್ತೇವೆ. ನೆಲದಡಿ ಕುಡಿಯುವ ನೀರಿನ ಪೈಪು ಎಲ್ಲಿ ಹೋಗಿದೆ, ಚರಂಡಿ ಪೈಪು ಎಲ್ಲಿ ಹೋಗಿದೆ ಎಂದು ತೋರಿಸುವ ಹಳೆಯ ನಕ್ಷೆಗಳು ಉಗ್ರಾಣದಲ್ಲಿ ಇಲಿಗಳ ವಶದಲ್ಲಿದ್ದವು. ಇಲಿ ಬಿಟ್ಟ ಭಾಗವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ, ರಸ್ತೆ ರಸ್ತೆಗೂ ಗೆರೆ ಎಳೆಯುವುದು ಪೈಪಕ್ಕನ ಕೆಲಸ. ಒಂದೊಂದು ನಕ್ಷೆಯೂ ಎಷ್ಟು ಭಾರವೆಂದರೆ ತೆರೆದಾಗಲೆಲ್ಲ ಅವಳ ಕಂಪ್ಯೂಟರು ಬುಸುಗುಡುತ್ತಿತ್ತು. ಅವಳು ಹಂಗಾಮಿ ನೌಕರಳು. ಹಂಗಾಮಿಯಾಗಿ ಸೇರಿದಾಗ ಕಂಕುಳಲ್ಲಿದ್ದ ಮಗಳು ಈಗ ಅಮ್ಮನ ಸೀರೆಗೆ ತಾನೇ ಇಸ್ತ್ರಿ ಹಾಕುವಷ್ಟು ದೊಡ್ಡವಳಾಗಿದ್ದಾಳೆ. ಗಂಡನಿಲ್ಲ. ಇರುವುದು ಅಕ್ಕನ ಮನೆಯ ಅಡುಗೆಕೋಣೆಯಲ್ಲಿ. ರಾತ್ರಿ ಅಕ್ಕನ ಗಂಡ ನೀರು ಕುಡಿಯಲು ಬಂದಾಗಲೆಲ್ಲ ಇವರಿಬ್ಬರನ್ನು ದಾಟಿಕೊಂಡು ಹೋಗಬೇಕು, ದಾಟುವಾಗ ಒಂದು ಮಾತು ಆಡಿಯೇ ಹೋಗುತ್ತಾನಂತೆ. ಹೀಗೆಂದು ಅವಳೇ ಒಮ್ಮೆ ನನಗೆ ಹೇಳಿ, ಹೇಳಬಾರದಿತ್ತು ಅಂತ ನಾಲಿಗೆ ಕಚ್ಚಿಕೊಂಡಳು. ನೌಕರಿ ಖಾಯಂ ಆದರೆ ಮಂಡಳಿಯ ವಸತಿಗೃಹದಲ್ಲಿ ಮನೆ ಸಿಗುತ್ತದೆ. ಈ ಸಲ ಅವಳ ಖಾಯಮಾತಿ ಆದೇಶ ಸಾಹೇಬರ ಮೇಜಿನವರೆಗೂ ಬಂದು ಸಹಿಗೆ ಕಾಯುತ್ತಿತ್ತು. ಅವಳು ಆ ಕೋಣೆಯ ಮುಂದೆ ಹಾದುಹೋಗುವಾಗ ಚಪ್ಪಲಿ ಸದ್ದು ಕೂಡ ಮಾಡುತ್ತಿರಲಿಲ್ಲ.

ತಂತ್ರಾಂಶಕ್ಕೆ 'ಜಾಗೃತಿ' ಎಂದು ಹೆಸರಿಟ್ಟೆವು. ಯಂತ್ರ ಎದ್ದ ಕೂಡಲೇ ಅದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕೆಂದು ಸಾಹೇಬರ ಅಪ್ಪಣೆ. ಮೊದಲ ದಿನ ಭಾಮೈದ ತನ್ನದೇ ದನಿಯಲ್ಲಿ ಒಂದೇ ಪದ ಹಾಕಿದ್ದ. ಚಹಾ ಮುಗಿಸಿ ಬಂದ ನೌಕರರು ಒಟ್ಟಿಗೇ ಕಂಪ್ಯೂಟರು ಮುಟ್ಟಿದರು. ಎರಡು ಸಾಲು ಯಂತ್ರಗಳೂ ಒಕ್ಕೊರಲಿನಿಂದ "ಎಚ್ಚರ! ಎಚ್ಚರ!" ಅಂತ ಅರಚಿದವು. ಕೌಂಟರಿನ ಆಚೆ ನಿಂತಿದ್ದವರಿಗೆ ಏನನ್ನಿಸಿತೋ, ಸೂರು ಬೀಳುತ್ತಿದೆ ಅಂದುಕೊಂಡರೋ ಬೆಂಕಿ ಬಿದ್ದಿದೆ ಅಂದುಕೊಂಡರೋ, ಕೊಡ, ಚೀಲ, ದೂರು ಎಲ್ಲ ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದರು. ಒಬ್ಬಜ್ಜಿಯನ್ನು ಯಾರೋ ಎತ್ತಿಕೊಂಡೇ ಹೋದರು. ಸದ್ದು ಕೇಳಿ ಸಾಹೇಬರು ಹೊರಗೆ ಬಂದು ನೋಡಿದರೆ ಹಜಾರ ಖಾಲಿ. ಮಂಡಳಿಯ ಇತಿಹಾಸದಲ್ಲಿ ಮೊದಲ ಬಾರಿಗೆ ದೂರುದಾರರೇ ಇರಲಿಲ್ಲ. ಬಾಕಿ ದೂರುಗಳ ತ್ವರಿತ ವಿಲೇವಾರಿ ಎಂಬ ಶೀರ್ಷಿಕೆಯಡಿ ನಾನು ಇದನ್ನು ಮೇಲಕ್ಕೆ ಬರೆದೆ, ಮೇಲಿನಿಂದ ಮೆಚ್ಚುಗೆ ಬಂತು.

ಆದರೆ ನೌಕರರಲ್ಲಿ ಕೆಲವರೂ ಜನರ ಜೊತೆ ಓಡಿಹೋಗಿ ಮಾರನೆಯ ದಿನವಷ್ಟೇ ಹಿಂತಿರುಗಿದ್ದರಿಂದ ಪದವನ್ನು ಬದಲಿಸಬೇಕಾಯಿತು. ಆ ಕೆಲಸ ಸಹಜವಾಗಿಯೇ ನನಗೆ ಬಂತು. ಈಗ ಯಂತ್ರಗಳು ನನ್ನ ದನಿಯಲ್ಲಿ, ನಿಧಾನವಾಗಿ, ಅಲ್ಪಪ್ರಾಣ ಮಹಾಪ್ರಾಣಗಳಿಗೆ ಲೋಪವಿಲ್ಲದಂತೆ ಹೇಳುತ್ತವೆ: "ಗಮನಿಸಿ. ಈ ಯಂತ್ರವು ನಿದ್ರೆಯಿಂದ ಈಗಷ್ಟೇ ಎಚ್ಚೆತ್ತಿರುತ್ತದೆ."

ಒಂದು ವಾರ ಎಲ್ಲರಿಗೂ ಕಿವಿಮಾತು, ಛೀಮಾರಿಗಳು ಬಂದವು. ಆಮೇಲೆ ಗೊರಕಣ್ಣ ದಾರಿ ಕಂಡುಕೊಂಡ. ಮೇಜಿನ ಮೇಲೆ ತಲೆಯಾಡಿಸುವ ಫ್ಯಾನ್ ಇಟ್ಟು ಅದರ ಕೊರಳಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಮೌಸಿಗೆ ಕಟ್ಟಿದ. ಫ್ಯಾನ್ ಅತ್ತ ತಿರುಗಿದರೆ ಮೌಸೂ ಅತ್ತ, ಇತ್ತ ತಿರುಗಿದರೆ ಇತ್ತ. ಯಾರೋ ಒಂದೇ ಸಮ ಕೆಲಸ ಮಾಡುತ್ತಿದ್ದಾರೆ ಅಂದುಕೊಂಡು ಯಂತ್ರ ಕಣ್ಣು ಮುಚ್ಚಲೇ ಇಲ್ಲ. ತಣ್ಣನೆ ಗಾಳಿಗೆ ಗೊರಕಣ್ಣನ ನಿದ್ದೆಯೂ ಕೋಳಿನಿದ್ದೆಯಿಂದ ಗಾಢನಿದ್ದೆಗೆ ಬಡ್ತಿ ಪಡೆಯಿತು. ಉಳಿದವರೂ ಅವನನ್ನೇ ಅನುಸರಿಸಿದರು. ವಿದ್ಯುತ್ ಉಳಿತಾಯದ ನಿಯಮ ಉಲ್ಲಂಘನೆಯಾಗದಂತೆ ಫ್ಯಾನುಗಳ ಖರ್ಚನ್ನು ಕುಡಿಯುವ ನೀರಿನ ಬಾಬ್ತಿಗೆ ಹಾಕಲಾಯಿತು. ಹಜಾರದ ತುಂಬ ಫ್ಯಾನುಗಳು ತಲೆಯಾಡಿಸುತ್ತಿದ್ದವು, ನೌಕರರು ತಲೆ ಬಾಗಿಸಿದ್ದರು, ಯಂತ್ರಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದವು. ಗೊರಕಣ್ಣನಿಗೆ 'ಸದಾ ಜಾಗೃತ' ಎಂಬ ಬಿರುದು ಕೊಟ್ಟು ಶಾಲು ಹೊದಿಸಿದರು. ಶಾಲು ಅವನಿಗೆ ಬಹಳ ಉಪಯೋಗಕ್ಕೆ ಬಂತು.

ಒಂದು ಮೂಲೆಯಿಂದ ಮಾತ್ರ ದಿನವಿಡೀ ನನ್ನ ದನಿ ಕೇಳುತ್ತಲೇ ಇತ್ತು. ಪೈಪಕ್ಕ ಒಂದು ನಕ್ಷೆ ತೆರೆಯುವಳು. ಯಂತ್ರ ಬುಸುಗುಟ್ಟಿ, ಕೆಲಸದಲ್ಲಿ ಮುಳುಗಿ, ಗಡಿಯಾರ ನೋಡುವುದನ್ನು ಮರೆಯುವುದು. ನಕ್ಷೆ ತೆರೆದುಕೊಳ್ಳುತ್ತಿದ್ದ ಹಾಗೆಯೇ "ಗಮನಿಸಿ. ಈ ಯಂತ್ರವು..." ಅಂತ ಶುರುವಾಗುವುದು. ಅವಳು ಇನ್ನೊಂದು ನಕ್ಷೆ ತೆರೆಯುವಳು, ಮತ್ತೆ "ಗಮನಿಸಿ". ಇಡೀ ಕಚೇರಿಯಲ್ಲಿ ಅಷ್ಟು ಸಲ ಮಲಗಿ ಎದ್ದವರು ಬೇರೊಬ್ಬರಿರಲಿಲ್ಲ. ಗಲಾಟೆಯಿಂದ ನಿದ್ದೆ ಕೆಡುತ್ತಿದೆ ಎಂದು ಅಕ್ಕಪಕ್ಕದ ಮೇಜಿನವರು ಲಿಖಿತ ದೂರು ಕೊಟ್ಟರು.

ವಿಚಾರಣೆ ಸಾಹೇಬರ ಕೋಣೆಯಲ್ಲಿ ನಡೆಯಿತು. ಪೈಪಕ್ಕ ನಿಂತಿದ್ದಳು, ಎರಡು ಕೈಯಲ್ಲೂ ಸೆರಗಿನ ತುದಿ. ಖಾಯಮಾತಿ ಆದೇಶ ಅವಳ ಕಣ್ಣೆದುರಿಗೇ, ಗಾಜಿನ ಗುಂಡಿನ ಕೆಳಗೆ ಇತ್ತು. ಅವಳು ಒಮ್ಮೆಯೂ ಅತ್ತ ನೋಡಲಿಲ್ಲ.

"ನೀವು ಮಲಗಿದ್ರೇನಮ್ಮ?" ಅಂತ ಸಾಹೇಬರು ಕೇಳಿದರು. ಅವರು ಸಿಟ್ಟಿನಲ್ಲೂ ಹೆಂಗಸರಿಗೆ ಅಮ್ಮ ಅನ್ನದೆ ಮಾತಾಡುವವರಲ್ಲ.

"ಇಲ್ಲ ಸಾರ್. ನಕ್ಷೆ ತೆರೀತಿದ್ದೆ."

"ಯಂತ್ರ ಏನಂತು?"

"ಎಚ್ಚರ ಆಯ್ತು ಅಂತು."

"ಮಲಗದೇ ಇದ್ದೋರಿಗೆ ಎಚ್ಚರ ಆಗೋದು ಹೇಗಮ್ಮ?"

ನಿಜ ಹೇಳಬೇಕೆಂದರೆ ಈ ಪ್ರಶ್ನೆಗೆ ದೊಡ್ಡ ದೊಡ್ಡ ಪಂಡಿತರಲ್ಲೂ ಉತ್ತರವಿರಲಾರದು. ಮೂಲೆಯಲ್ಲಿ ಕೂತಿದ್ದ ಭಾಮೈದ ಕೆಮ್ಮಿದ. ಇದು ಆವತ್ತು ಸಭೆಯಲ್ಲಿ ಹೇಳಿದ ತೊಂದರೆಯೇ, ಇವರ ಯಂತ್ರ ಮಲಗಿಲ್ಲ, ದುಡಿಯುತ್ತಿದೆ ಅಂದ. ಸರಿಪಡಿಸುವುದೂ ಸುಲಭವಂತೆ. ಮಲಗುವಾಗಲೂ ಏಳುವಾಗಲೂ ಕಂಪ್ಯೂಟರು ತನ್ನೊಳಗೇ ಒಂದು ಸುದ್ದಿ ಹೊರಡಿಸುತ್ತದಂತೆ, ಗಡಿಯಾರ ನೋಡುವ ಬದಲು ಅದನ್ನು ಕೇಳಿಸಿಕೊಂಡರೆ ಸಾಕಂತೆ.

"ಅಂದ್ರೆ, ನೀನು ಮಲಗಿದ್ಯೇನಪ್ಪ ಅಂತ ಅದನ್ನೇ ಕೇಳೋದಾ?"

"ಹೂಂ ಭಾವ. ಅದು ಸುಳ್ಳು ಹೇಳಲ್ಲ."

"ಆರೋಪಿಯನ್ನೇ ಕೇಳಿ ತೀರ್ಪು ಕೊಡೋದು ಯಾವ ಕಾನೂನಿನಲ್ಲಿದೆಯೋ? ಸುಮ್ನೆ ಕೂತ್ಕೋ."

ಆದರೂ ಅನ್ಯಾಯವಾಗಬಾರದೆಂದು ಸಾಹೇಬರು ಒಂದು ಪ್ರತ್ಯಕ್ಷ ತಪಾಸಣಾ ಸಮಿತಿ ನೇಮಿಸಿದರು. ಗೊರಕಣ್ಣ ಅಧ್ಯಕ್ಷ, ನಾನು ಸದಸ್ಯ, ಇನ್ನೊಬ್ಬ ಸದಸ್ಯರು ರಜೆಯಲ್ಲಿದ್ದರು. ನಾವು ಪೈಪಕ್ಕನ ಕುರ್ಚಿಯ ಹಿಂದೆ ನಿಂತುಕೊಂಡೆವು. ಅವಳು ಹಳೇ ಸಂತೆ ಬೀದಿಯ ನಕ್ಷೆ ತೆರೆದಳು. ಅವಳ ಬೆರಳುಗಳು ಆಡುತ್ತಿದ್ದವು, ರೆಪ್ಪೆ ಮಿಟುಕುತ್ತಿತ್ತು, ಹಣೆಯಲ್ಲಿ ಬೆವರಿತ್ತು. ಅದೇ ಹೊತ್ತಿಗೆ ಯಂತ್ರ ನನ್ನ ದನಿಯಲ್ಲಿ ತಾನು ಎಚ್ಚೆತ್ತಿರುವುದಾಗಿ ಘೋಷಿಸಿತು. ಪೈಪಕ್ಕ ಹಿಂತಿರುಗಿ, "ನೋಡಿದ್ರಲ್ಲ, ನಾನು ಮಲಗಿದ್ನಾ?" ಅಂತ ಕೇಳಿದಳು. ಅವಳ ಮುಖದಲ್ಲಿ ಗೆದ್ದೆ ಅನ್ನುವ ಭಾವವಿತ್ತು. ಬರೆದು ತಿಳಿಸುತ್ತೇವೆ ಅಂದೆವು.

ಬರೆದು ತಿಳಿಸಿದ್ದು ಹೀಗೆ: 'ಸದರಿ ನೌಕರಳು ಕಣ್ಣು ತೆರೆದುಕೊಂಡು, ಕೈ ಆಡಿಸುತ್ತಾ, ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ನಿದ್ರಿಸುವ ಅಪರೂಪದ ಅಭ್ಯಾಸ ಹೊಂದಿರುವುದು ಸಮಿತಿಯ ಗಮನಕ್ಕೆ ಬಂದಿರುತ್ತದೆ. ಇದು ನಾಲ್ಕು ಬಗೆಯ ನಿದ್ದೆಗಳಲ್ಲಿ ಸೇರದ ಕಾರಣ ಐದನೆಯ ಬಗೆಯನ್ನು ಸೃಷ್ಟಿಸತಕ್ಕದ್ದು.' ಐದನೆಯ ಬಗೆಗೆ ನಾನು 'ಕಾರ್ಯನಿದ್ದೆ' ಎಂದು ಹೆಸರಿಟ್ಟೆ. ಅದಕ್ಕೂ ಗಾಢನಿದ್ದೆಯ ಶಿಕ್ಷೆಯೇ.

ಖಾಯಮಾತಿ ಆದೇಶವನ್ನು ಹರಿದು ಹಾಕಬಹುದಿತ್ತು. ಸಾಹೇಬರು ಹೆಂಗರುಳಿನವರು, ಹಾಗೆ ಮಾಡಲಿಲ್ಲ. ತಿಂಗಳು ಮುಗಿಯುವವರೆಗೆ ಅವಳ ಯಂತ್ರ ಒಮ್ಮೆಯೂ ಕೂಗದೇ ಇದ್ದರೆ ಖಾಯಮಾತಿಗೆ ಸಹಿ, ಒಂದು ಸಲ ಕೂಗಿದರೂ ಮನೆಗೆ ಅಂತ ಅವಕಾಶ ಕೊಟ್ಟರು. ಪೈಪಕ್ಕ ತನ್ನ ಜಾಗಕ್ಕೆ ಹೋಗಿ ಕೂತಳು. ಅಳಲಿಲ್ಲ. ಕಂಪ್ಯೂಟರನ್ನೇ ದಿಟ್ಟಿಸುತ್ತ ಕೂತಿದ್ದಳು. ಗೊರಕಣ್ಣ ಎದ್ದು ಅವಳ ಬಳಿಗೆ ಹೋದ. ಅವನು ತನ್ನ ಜಾಗ ಬಿಟ್ಟು ಇನ್ನೊಬ್ಬರ ಜಾಗಕ್ಕೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೋಡಮ್ಮ ತಂಗಿ," ಅಂದ, "ನಿಂದು ಒಳ್ಳೇ ಜೀವ, ಅದಕ್ಕೇ ಹೇಳ್ತೀನಿ. ಮಗಳನ್ನ ಕಟ್ಕೊಂಡು ಇನ್ನೂ ಎಷ್ಟು ದಿನ ಅಂತ ಅಡುಗೆಮನೇಲಿ ಬಿದ್ಕೊಂಡಿರ್ತೀಯ? ಆ ನಕ್ಷೆ ಸಹವಾಸ ಬಿಟ್ಬಿಡು. ಕೈಕಟ್ಕೊಂಡು ಕೂತ್ರೆ ನಿನ್ನ ಯಂತ್ರವೂ ಬಾಯಿ ಮುಚ್ಕೊಂಡಿರುತ್ತೆ."

ತನ್ನಲ್ಲಿದ್ದ ಹೆಚ್ಚುವರಿ ಫ್ಯಾನನ್ನು ತಂದು, ದಾರ ಕಟ್ಟಿಕೊಟ್ಟು, ಎಷ್ಟು ಸಡಿಲ ಬಿಡಬೇಕು ಎಂದೂ ತೋರಿಸಿಕೊಟ್ಟ. ಇಂಥ ಸಹೋದರತ್ವ ಬೇರೆ ಕಚೇರಿಗಳಲ್ಲಿ ಕಾಣಸಿಗುವುದಿಲ್ಲ.

ಅವತ್ತಿನಿಂದ ಪೈಪಕ್ಕ ನಕ್ಷೆ ತೆರೆಯಲಿಲ್ಲ. ಒಂದು ಖಾಲಿ ಹಾಳೆ ತೆರೆದಿಟ್ಟುಕೊಂಡು ಎದುರು ಕೂರುತ್ತಿದ್ದಳು. ಯಂತ್ರಕ್ಕೆ ಕೆಲಸವಿಲ್ಲದ್ದರಿಂದ ಅದು ಕ್ಷಣಕ್ಕೊಮ್ಮೆ ಗಡಿಯಾರ ನೋಡಿಕೊಂಡು ನೆಮ್ಮದಿಯಾಗಿತ್ತು. ಪೈಪಕ್ಕನೂ ಕ್ಷಣಕ್ಕೊಮ್ಮೆ ಗಡಿಯಾರ ನೋಡತೊಡಗಿದಳು. ಮೊದಮೊದಲು ಅವಳಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯುತ್ತಿರಲಿಲ್ಲ ಪಾಪ, ಮೇಜಿನ ಮೇಲೆ ಇಡುವಳು, ತೊಡೆಯ ಮೇಲೆ ಇಡುವಳು. ಬರಬರುತ್ತಾ ಅಭ್ಯಾಸವಾಯಿತು.

ತಿಂಗಳ ಕೊನೆಯ ದಿನ ಸಂಜೆ ಫೋನು ಬಂತು. ಹಳೇ ಸಂತೆ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡು ಹೊಲಸು ಮನೆಗಳಿಗೆ ನುಗ್ಗುತ್ತಿತ್ತು, ಅಗೆಯುವ ಮೇಸ್ತ್ರಿ ಹಾರೆ ಹಿಡಿದು ನಿಂತಿದ್ದ. ಆ ಬೀದಿಯಲ್ಲಿ ಒಂದು ಪಕ್ಕ ಕುಡಿಯುವ ನೀರಿನ ಪೈಪು, ಇನ್ನೊಂದು ಪಕ್ಕ ಚರಂಡಿ ಪೈಪು. ಯಾವುದು ಯಾವ ಕಡೆ ಅನ್ನುವುದು ನಕ್ಷೆ ನೋಡಿದರೆ ಮಾತ್ರ ತಿಳಿಯುತ್ತದೆ. ತಪ್ಪು ಕಡೆ ಅಗೆದರೆ ಕುಡಿಯುವ ನೀರಿನ ಪೈಪು ಒಡೆದು ಎರಡೂ ಒಂದಾಗುತ್ತವೆ. ಯಾವಾಗಲೂ ಅವನು ಪೈಪಕ್ಕನಿಗೆ ಫೋನು ಮಾಡಿ ಕೇಳುತ್ತಿದ್ದ, ಅವಳು ನಕ್ಷೆ ತೆರೆದು ಹೇಳುತ್ತಿದ್ದಳು.

"ಅಕ್ಕ, ಎಡಕ್ಕೋ ಬಲಕ್ಕೋ?" ಅವನ ದನಿ ನನ್ನ ಮೇಜಿನವರೆಗೂ ಕೇಳಿಸಿತು.

ಪೈಪಕ್ಕ ಮೌಸಿನ ಮೇಲೆ ಕೈಯಿಟ್ಟಳು. ಬಾಗಿಲ ಬಳಿ ಸಾಹೇಬರು ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು, ಕಚೇರಿ ಮುಚ್ಚಲು ಇನ್ನು ಸ್ವಲ್ಪವೇ ಹೊತ್ತಿತ್ತು. ಹಜಾರದಲ್ಲಿ ಎಲ್ಲರೂ ಎದ್ದಿದ್ದರು. ಗೊರಕಣ್ಣ ಕೂಡ ತಲೆಯೆತ್ತಿ, ಬೇಡ ತಾಯಿ ಬೇಡ ಅಂತ ಕಣ್ಣಲ್ಲೇ ಹೇಳುತ್ತಿದ್ದ. ಆ ನಕ್ಷೆಯ ಫೈಲನ್ನು ಒತ್ತಿದರೆ ನನ್ನ ದನಿಯೇ ಅವಳನ್ನು ಮನೆಗೆ ಕಳಿಸುತ್ತಿತ್ತು. ಮನೆ ಅಂದರೆ ಅದೇ ಅಡುಗೆಕೋಣೆ.

"ಅಕ್ಕ, ಕೇಳಿಸ್ತಾ ಇದೆಯಾ? ಜನ ಬಯ್ತಾ ಇದಾರೆ. ಯಾವ ಕಡೆ?"

ಅವಳು ಮೌಸಿನಿಂದ ಕೈ ತೆಗೆದಳು.

"ಎಡಕ್ಕೆ ಅಗೀರಿ," ಅಂದಳು. "ನೀರು ಚಿಮ್ಮಿದ್ರೆ... ಬಲಕ್ಕೆ ಅಂತ ಗೊತ್ತಾಗುತ್ತೆ."

ಮೇಸ್ತ್ರಿ "ಸರಿ ಅಕ್ಕ" ಅಂದ. ನೀರು ಚಿಮ್ಮಿತು. ಬಲಕ್ಕೆ ಅಂತ ಗೊತ್ತಾಯಿತು.

ಅಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತಾಯಿತು. ಸಾಹೇಬರು ನಿಂತಲ್ಲೇ ಸಹಿ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೈಪಕ್ಕ ಆದೇಶವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೂಲೆಯ ಗೋಡೆಗೆ ಮುಖ ಮಾಡಿ ನಿಂತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಅಂತ ನಾವು ಅಂದುಕೊಂಡೆವು, ಹಾಗೆಯೇ ಬರೆದುಕೊಂಡೆವು.

ಹಳೇ ಸಂತೆ ಬೀದಿಯವರ ಸಲುವಾಗಿ ನಾನು ಒಂದು ಪ್ರಕಟಣೆ ಹೊರಡಿಸಿದೆ. ನೀರಿಗೆ ಬಂದಿರುವ ಬಣ್ಣ ತಾತ್ಕಾಲಿಕ. ಬಣ್ಣದ ಬಗ್ಗೆ ದೂರು ಇರುವವರು ನೀರನ್ನು ಪಾತ್ರೆಯಲ್ಲಿ ತಂದು ತೋರಿಸತಕ್ಕದ್ದು. ತರುವಷ್ಟರಲ್ಲಿ ಮಣ್ಣು ತಳಕ್ಕಿಳಿದು ಮೇಲಿನ ನೀರು ತಿಳಿಯಾಗುವುದರಿಂದ ದೂರು ಸಾಬೀತಾಗತಕ್ಕದ್ದಲ್ಲ. ವಾಸನೆಯ ಬಗ್ಗೆ ನಿಯಮಾವಳಿಯಲ್ಲಿ ಪ್ರಸ್ತಾಪವಿಲ್ಲ. ಪೈಪಕ್ಕ ಫೋನಿನಲ್ಲಿ ಹೇಳಿದ ವಿಧಾನ ಸಾಹೇಬರಿಗೆ ಬಹಳ ಹಿಡಿಸಿತು. ನಕ್ಷೆಯ ಹಂಗಿಲ್ಲ, ಯಂತ್ರದ ಕೂಗಾಟವಿಲ್ಲ. 'ಅಗೆತದ ಮೂಲಕ ಪತ್ತೆ' ಎಂಬ ಹೆಸರಿನಲ್ಲಿ ಅದನ್ನು ಊರಿಗೆಲ್ಲ ಜಾರಿಗೆ ತಂದೆವು. ಭಾಮೈದ ಮಾತ್ರ ತನ್ನ ಪ್ರೋಗ್ರಾಮು ಸರಿಪಡಿಸಿಕೊಡುತ್ತೇನೆ, ಅರ್ಧ ದಿನದ ಕೆಲಸ ಅಂತ ಕಂಡಕಂಡವರ ಬೆನ್ನುಹತ್ತಿದ. ಇಡೀ ಕಚೇರಿಯೇ ಎಚ್ಚರವಾಗಿರುವಾಗ ಸರಿಪಡಿಸಲು ಏನು ಉಳಿದಿದೆ ಅಂತ ನಾವು ಕೇಳಿದೆವು. ಈಗ ಅವನಿಗೂ ಒಂದು ಮೇಜು, ಒಂದು ಫ್ಯಾನ್ ಕೊಟ್ಟಿದ್ದೇವೆ, ತಣ್ಣಗಾಗಿದ್ದಾನೆ.

ಮೊನ್ನೆ ರಜೆಯ ದಿನ ಪೈಪಕ್ಕನ ಹೊಸ ಮನೆಗೆ ಹೋಗಿದ್ದೆ. ವಸತಿಗೃಹದ ಕೆಳಗಿನ ಮನೆ, ಎರಡು ಕೋಣೆ, ಅಡುಗೆಮನೆ ಬೇರೆ. ಮಗಳು ತನ್ನ ಕೋಣೆಯನ್ನು ನನಗೆ ಎರಡು ಸಲ ತೋರಿಸಿದಳು. ಮಾತಾಡುತ್ತಾ ಕೂತಿರುವಾಗ ಹೊರಗೆ ಗುದ್ದಲಿ ಸದ್ದಾಯಿತು. ಮೇಸ್ತ್ರಿ ತನ್ನ ಆಳುಗಳೊಂದಿಗೆ ಮನೆಯ ಮುಂದೆಯೇ ನಿಂತಿದ್ದ. ವಸತಿಗೃಹದ ಚರಂಡಿ ಕಟ್ಟಿಕೊಂಡಿತ್ತು. ಅವನು ಗೇಟಿನ ಮೇಲಿಂದ ತಲೆಹಾಕಿ, ನಮಸ್ಕಾರ ಹೇಳಿ, ಎಡಕ್ಕೋ ಬಲಕ್ಕೋ ಅಂತ ಕೇಳಿದ.

ಪೈಪಕ್ಕ ನನ್ನ ಲೋಟಕ್ಕೆ ನೀರು ಬಗ್ಗಿಸುತ್ತಿದ್ದವಳು ತಲೆ ಎತ್ತದೆ, "ಎಡಕ್ಕೇ ಶುರು ಮಾಡಪ್ಪ" ಅಂದಳು.

ಮಗಳು ಅಮ್ಮನ ಮುಖ ನೋಡಿದಳು. "ಅಮ್ಮ, ಈ ಜಾಗದ ನಕ್ಷೆ ನೀನೇ ಬರೆದಿದ್ಯಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತಿತ್ತು," ಅಂದಳು ಪೈಪಕ್ಕ.

ಹೊರಗೆ ಅಕ್ಕಪಕ್ಕದ ಮನೆಯವರು ಆಗಲೇ ಕೊಡ, ಬಕೆಟ್ಟು, ಪಾತ್ರೆ ಹಿಡಿದು ರಸ್ತೆಯ ಎಡಗಡೆ ಸಾಲಾಗಿ ನಿಂತಿದ್ದರು. ಅಗೆಯುವವರು ಬಂದರೆ ನೀರು ಬರುತ್ತದೆ ಅನ್ನುವುದು ಈಗ ಎಲ್ಲರಿಗೂ ತಿಳಿದಿದೆ, ಯಾರೂ ಗೊಣಗುವುದಿಲ್ಲ. ಮೇಸ್ತ್ರಿ ಕೂಡ ಸಾಲು ಸರಿಯಾಗುವವರೆಗೆ ಕಾದು ಆಮೇಲೆ ಹಾರೆ ಎತ್ತಿದ. ಪೈಪಕ್ಕ ಮಗಳ ಕೈಗೆ ಒಂದು ಕೊಡ ಕೊಟ್ಟು, ತಾನೊಂದು ಎತ್ತಿಕೊಂಡು ಹೋಗಿ ಎಲ್ಲರ ಹಿಂದೆ ನಿಂತಳು. ನಾನೂ ಲೋಟ ಹಿಡಿದುಕೊಂಡು ಅವಳ ಹಿಂದೆ ನಿಂತೆ.